ಮೈಸೂರು ಜೂ ನೋಡುವುದು ಹೇಗೆ: ಬೆಳಿಗ್ಗೆ ಎಂಟೂವರೆಯಿಂದ ಕಾರಂಜಿ ಕೆರೆವರೆಗೆ

ಮೈಸೂರು ಜೂಗೆ ಹೋಗಿ ಬಂದವರನ್ನು ಹೇಗಿತ್ತು ಅಂತ ಕೇಳಿ. "ಚೆನ್ನಾಗಿತ್ತು, ಆದರೆ ಹುಲಿ ಮಲಗಿತ್ತು, ಕಾಲು ನೋವು ಬಂತು" ಅನ್ನುವವರೇ ಜಾಸ್ತಿ. ಇದರಲ್ಲಿ ಹುಲಿಯದೇನೂ ತಪ್ಪಿಲ್ಲ. ಹನ್ನೊಂದೂವರೆ ಗಂಟೆಗೆ ಗೇಟಿಗೆ ಬಂದು, ಬಿಸಿಲಲ್ಲಿ ಮೂರು ಕಿಲೋಮೀಟರ್ ದಾರಿಯನ್ನು ಒಂದೇ ಉಸಿರಿಗೆ ನಡೆದು, ಪ್ರತಿ ಪ್ರಾಣಿಯ ಮುಂದೆ ಅರ್ಧ ನಿಮಿಷ ನಿಂತು ಮುಂದೆ ಹೋದರೆ ಯಾರಿಗಾದರೂ ಹಾಗೇ ಆಗುತ್ತದೆ.

ನನ್ನ ಸಲಹೆ ಒಂದೇ. ಎಲ್ಲವನ್ನೂ ನೋಡಬೇಕು ಅನ್ನುವ ಹಠ ಬಿಡಿ. ಆರೇಳು ಪ್ರಾಣಿಗಳನ್ನು ಆರಿಸಿಕೊಳ್ಳಿ. ಅವು ಚುರುಕಾಗಿರುವ ಹೊತ್ತಿಗೆ ಹೋಗಿ, ಪ್ರತಿಯೊಂದರ ಮುಂದೆ ಹತ್ತು ಹದಿನೈದು ನಿಮಿಷ ನಿಲ್ಲಿ. ಉಳಿದದ್ದು ದಾರಿಯಲ್ಲಿ ಸಿಕ್ಕಷ್ಟು ಸಿಗಲಿ. ಇದನ್ನು ಮಾಡುವುದು ಹೇಗೆ ಅಂತ ಮನೆ ಬಿಡುವ ಹೊತ್ತಿನಿಂದಲೇ ಶುರು ಮಾಡಿ ಹೇಳುತ್ತೇನೆ.

1. ದಿನ ಆರಿಸಿಕೊಳ್ಳಿ

ಜೂಗೆ ಮಂಗಳವಾರ ರಜೆ. ಮೈಸೂರಿನವರಿಗೆ ಇದು ಗೊತ್ತು, ಹೊರಗಿನಿಂದ ಬರುವವರು ಮರೆಯುತ್ತಾರೆ. ದಸರಾ, ಬೇಸಿಗೆ ರಜೆಯಂಥ ಸೀಸನ್‌ನಲ್ಲಿ ಮಂಗಳವಾರವೂ ತೆರೆಯುವುದುಂಟು. ಅದನ್ನು ಜೂನ ವೆಬ್‌ಸೈಟಿನಲ್ಲಿ ನೋಡಿಯೇ ಖಚಿತ ಮಾಡಿಕೊಳ್ಳಿ. ಬಾಗಿಲು ಬೆಳಿಗ್ಗೆ 8:30ಕ್ಕೆ ತೆರೆಯುತ್ತದೆ, ಸಂಜೆ 5:30ಕ್ಕೆ ಮುಚ್ಚುತ್ತದೆ.

ಶನಿವಾರ, ಭಾನುವಾರ ಜನ ಜಾಸ್ತಿ, ಟಿಕೆಟ್ ದರವೂ ಸ್ವಲ್ಪ ಜಾಸ್ತಿ. ಬುಧವಾರದಿಂದ ಶುಕ್ರವಾರದೊಳಗೆ ಹೋಗಲು ಆದರೆ ಅದೇ ಒಳ್ಳೆಯದು. ನವೆಂಬರ್, ಡಿಸೆಂಬರ್‌ನಲ್ಲಿ ಮಾತ್ರ ವಾರದ ದಿನಗಳಲ್ಲೂ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿರುತ್ತವೆ. ಆಯುಧಪೂಜೆ, ವಿಜಯದಶಮಿಯ ಆಸುಪಾಸಿನ ದಿನಗಳಲ್ಲಿ ಒಳಗೆ ಹೋಗುವವರು ಹತ್ತಾರು ಸಾವಿರ ಜನ. ಆ ದಿನಗಳಲ್ಲಿ ನೀವು ಪ್ರಾಣಿಗಳಿಗಿಂತ ಮುಂದಿನವರ ಬೆನ್ನನ್ನೇ ಜಾಸ್ತಿ ನೋಡುತ್ತೀರಿ. ದಸರಾಗೆ ಬಂದಿದ್ದರೆ ಅರಮನೆ ನೋಡಿ, ಜಂಬೂ ಸವಾರಿ ನೋಡಿ, ಜೂಗೆ ಇನ್ನೊಮ್ಮೆ ಬನ್ನಿ.

ನನ್ನ ಆಯ್ಕೆ ಜೂನ್ ಕೊನೆಯಿಂದ ಆಗಸ್ಟ್‌ವರೆಗಿನ ಮೋಡದ ದಿನಗಳು. ಮೈಸೂರಿನಲ್ಲಿ ಆಗ ಬೀಳುವುದು ಹೆಚ್ಚಾಗಿ ತುಂತುರು ಮಳೆ. ಒಂದು ಛತ್ರಿ ಇದ್ದರೆ ಸಾಕು. ಬಿಸಿಲಿಲ್ಲದ ದಿನ ಹುಲಿ, ಆನೆ, ಕರಡಿ ಎಲ್ಲವೂ ಮಧ್ಯಾಹ್ನದ ಹೊತ್ತಿನಲ್ಲೂ ಓಡಾಡಿಕೊಂಡಿರುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಹೋಗಲೇಬೇಕಾದರೆ ಹನ್ನೊಂದು ಗಂಟೆಯೊಳಗೆ ಮುಖ್ಯವಾದದ್ದನ್ನು ಮುಗಿಸಿಬಿಡಿ.

ಇನ್ನೊಂದು ಮಾತು. ಹಕ್ಕಿಜ್ವರದಂಥ ಕಾಯಿಲೆ ಬಂದಾಗ ಜೂ ಇದ್ದಕ್ಕಿದ್ದಂತೆ ಮುಚ್ಚುತ್ತದೆ. 2017ರ ಜನವರಿಯಲ್ಲಿ ಹೀಗೇ ಆಗಿ, ಸುಮಾರು ಒಂದು ತಿಂಗಳು ಬಾಗಿಲು ಹಾಕಿತ್ತು. ದೂರದಿಂದ ಹೊರಡುವವರು ಹಿಂದಿನ ದಿನ ಒಮ್ಮೆ ವಿಚಾರಿಸುವುದು ಒಳ್ಳೆಯದು.

2. ಟಿಕೆಟ್ ಮತ್ತು ಬ್ಯಾಗು

ಟಿಕೆಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ವಾರಾಂತ್ಯಕ್ಕೆ ಹೋಗುವುದಾದರೆ ಹಿಂದಿನ ರಾತ್ರಿಯೇ ತೆಗೆದುಕೊಳ್ಳಿ. ಕೌಂಟರಿನ ಸಾಲಿನಲ್ಲಿ ಹೋಗುವ ಅರ್ಧ ಗಂಟೆ ಬೆಳಗಿನ ಅತಿ ಒಳ್ಳೆಯ ಅರ್ಧ ಗಂಟೆ. ಪಕ್ಕದ ಕಾರಂಜಿ ಕೆರೆಗೆ ಬೇರೆ ಟಿಕೆಟ್. ಎರಡೂ ಸೇರಿದ ಟಿಕೆಟ್ ಕೂಡ ಇದೆ. ಸಂಜೆವರೆಗೆ ಇರುವ ಯೋಚನೆ ಇದ್ದರೆ ಅದನ್ನೇ ತೆಗೆದುಕೊಳ್ಳಿ.

ಜೂ ಪ್ಲಾಸ್ಟಿಕ್ ಮುಕ್ತ ಜಾಗ. ಗೇಟಿನಲ್ಲಿ ಬ್ಯಾಗು ತಪಾಸಣೆ ಮಾಡುತ್ತಾರೆ. ಚಿಪ್ಸ್ ಪೊಟ್ಟಣ, ಪ್ಲಾಸ್ಟಿಕ್ ಕವರು ತಂದು ಅಲ್ಲಿ ವಾದ ಮಾಡುವುದು ಬೇಡ. ನೀರಿಗೆ ಸ್ಟೀಲ್ ಬಾಟಲಿ ತನ್ನಿ. ಟೋಪಿ, ಛತ್ರಿ, ಮಕ್ಕಳಿಗೆ ಒಂದು ಜೊತೆ ಬಟ್ಟೆ, ಸಾಧ್ಯವಾದರೆ ಒಂದು ಸಣ್ಣ ದುರ್ಬೀನು. ದುರ್ಬೀನು ಅಂದರೆ ಜನ ನಗುತ್ತಾರೆ, ಜೂನಲ್ಲಿ ಅದೆಲ್ಲ ಯಾಕೆ ಅಂತ. ಇಲ್ಲಿನ ಹಲವು ಆವರಣಗಳು ದೊಡ್ಡವು, ಮರಗಿಡ ತುಂಬಿದವು. ಮರದ ತುದಿಯಲ್ಲಿ ಕೂತ ಕೋತಿಯ ಮುಖ ಬರಿಗಣ್ಣಿಗೆ ಸರಿಯಾಗಿ ಕಾಣುವುದಿಲ್ಲ.

ಚಪ್ಪಲಿ ಬದಲು ಶೂ ಹಾಕಿ. ಗಟ್ಟಿಯಾದ ತಿಂಡಿ ತಿಂದುಕೊಂಡೇ ಒಳಗೆ ಹೋಗಿ. ಒಳಗೆ ಕ್ಯಾಂಟೀನ್ ಇದೆ. ಆದರೆ ಒಂಬತ್ತೂವರೆಗೇ ಮಕ್ಕಳಿಗೆ ಹಸಿವಾದರೆ ಇಡೀ ಲೆಕ್ಕಾಚಾರ ತಲೆಕೆಳಗಾಗುತ್ತದೆ. ಮೈಸೂರಿನಲ್ಲಿ ಏಳು ಗಂಟೆಗೆ ಬಿಸಿ ಇಡ್ಲಿ, ದೋಸೆ ಸಿಗುವುದಕ್ಕೇನೂ ಬರವಿಲ್ಲ.

3. ತಲುಪುವುದು

ಜೂ ಇರುವುದು ಊರಿನ ನಡುವೆಯೇ, ಇಂದಿರಾನಗರದಲ್ಲಿ, ದಸರಾ ವಸ್ತುಪ್ರದರ್ಶನ ನಡೆಯುವ ಮೈದಾನದ ಹತ್ತಿರ. ಅರಮನೆಯಿಂದಲೂ ಸಬರ್ಬನ್ ಬಸ್ ನಿಲ್ದಾಣದಿಂದಲೂ ಒಂದೆರಡು ಕಿಲೋಮೀಟರ್. ರೈಲಿನಲ್ಲಿ ಬಂದರೆ ಆಟೋ ಹಿಡಿಯಿರಿ. ಬೆಂಗಳೂರಿನಿಂದ ಕಾರಿನಲ್ಲಿ ಬರುವವರು ಐದು, ಐದೂವರೆಗೆ ಹೊರಟರೆ ತಿಂಡಿ ತಿಂದು ಸರಿಯಾದ ಹೊತ್ತಿಗೆ ಗೇಟಿನಲ್ಲಿರಬಹುದು. "ಎಂಟಕ್ಕೆ ಹೊರಟರಾಯ್ತು" ಅಂದಿರೋ, ಹನ್ನೊಂದೂವರೆಯ ಗುಂಪಿಗೆ ಸೇರಿಕೊಂಡಿರಿ ಅಂತಲೇ ಲೆಕ್ಕ.

4. ಒಳಗೆ ಬಂದ ಮೊದಲ ಹತ್ತು ನಿಮಿಷ

ನಕ್ಷೆಯ ಫಲಕದ ಒಂದು ಫೋಟೊ ತೆಗೆದುಕೊಳ್ಳಿ. ನಡೆಯುವ ದಾರಿ ಒಂದು ದೊಡ್ಡ ಸುತ್ತು. ಬಾಣದ ಗುರುತು ತೋರಿಸಿದ ಕಡೆಗೇ ಎಲ್ಲರೂ ನಡೆಯುತ್ತಾರೆ. ಮುಂದೆ ಹೋಗಿ ಹಿಂದಕ್ಕೆ ಬರುವುದು ಕಷ್ಟ, ಹಾಗಾಗಿ ಏನು ಎಲ್ಲಿದೆ ಅಂತ ಮೊದಲೇ ಗೊತ್ತಿರಬೇಕು.

ಇಲ್ಲೇ ನಿಂತು ಆರೇಳು ಪ್ರಾಣಿಗಳನ್ನು ಆರಿಸಿ. ಮಕ್ಕಳಿದ್ದರೆ ತಲಾ ಎರಡು ಅವರೇ ಆರಿಸಲಿ. ತಾವು ಆರಿಸಿದ ಪ್ರಾಣಿಯ ಮುಂದೆ ಮಕ್ಕಳು ಸುಮ್ನೆ ನಿಲ್ಲುತ್ತಾರೆ, ನಾವು ಹೇಳಿದ್ದರ ಮುಂದೆ ನಿಲ್ಲುವುದಿಲ್ಲ. ನನ್ನನ್ನು ಕೇಳಿದರೆ ಜಿರಾಫೆ, ಗೊರಿಲ್ಲಾ, ಒರಾಂಗುಟಾನ್, ಒಂದು ದೊಡ್ಡ ಬೆಕ್ಕು, ಆನೆ, ನೀರಾನೆ, ಸಿಂಗಳೀಕ.

ನಡೆಯಲಾಗದ ಹಿರಿಯರಿಗೆ ಬ್ಯಾಟರಿ ವಾಹನ ಇದೆ. ಒಳಗೆ ಬಂದ ಕೂಡಲೇ ಅದರ ಬಗ್ಗೆ ವಿಚಾರಿಸಿ, ರಜಾದಿನ ಅದಕ್ಕೂ ಸಾಲು ಇರುತ್ತದೆ. ಅದು ಪ್ರತಿ ಆವರಣದ ಮುಂದೆ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಅಜ್ಜಿಗೆ ನಿಧಾನವಾಗಿ ನೋಡುವ ಆಸೆ ಇದ್ದರೆ ಗಾಲಿಕುರ್ಚಿಯೇ ವಾಸಿ, ದಾರಿ ಬಹುತೇಕ ಸಮತಟ್ಟಾಗಿದೆ.

ನೀವು ನಿಂತಿರುವ ಜಾಗದ ಬಗ್ಗೆ ಎರಡು ಮಾತು. ಈ ಜೂ ಶುರುವಾಗಿದ್ದು 1892ರಲ್ಲಿ, ಹತ್ತನೇ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ. ಆಗ ಇದ್ದದ್ದು ಹತ್ತು ಎಕರೆ, ಅರಮನೆಯವರ ಸ್ವಂತ ಸಂಗ್ರಹ. 1909ರಲ್ಲಿ ಅವರ ಹೆಸರೇ ಇದಕ್ಕೆ ಬಂತು, ಪೂರ್ತಿ ಹೆಸರು ಶ್ರೀ ಚಾಮರಾಜೇಂದ್ರ ಮೃಗಾಲಯ. ತೋಟದ ವಿನ್ಯಾಸದಲ್ಲಿ ಜರ್ಮನಿಯ ಕ್ರುಂಬಿಗಲ್ ಅವರ ಕೈಯಿದೆ. ಲಾಲ್‌ಬಾಗ್ ನೋಡಿಕೊಂಡವರೂ ಅವರೇ. 1972ರಲ್ಲಿ ಅರಣ್ಯ ಇಲಾಖೆಗೆ ಬಂತು. 1979ರಿಂದ ನೋಡಿಕೊಳ್ಳುತ್ತಿರುವುದು ಕರ್ನಾಟಕ ಮೃಗಾಲಯ ಪ್ರಾಧಿಕಾರ. ಈಗ ಜೂ ಸುಮಾರು 80 ಎಕರೆ, ಕಾರಂಜಿ ಕೆರೆ ಹತ್ತಿರಹತ್ತಿರ ಅಷ್ಟೇ. ದೊಡ್ಡ ಪ್ರಾಣಿಗಳ ಮುಂದೆ ಕಂಬಿಗಳ ಬದಲು ಕಂದಕ ಇರುವುದನ್ನು ಗಮನಿಸಿ. ನಿಮ್ಮ ಮತ್ತು ಸಿಂಹದ ನಡುವೆ ಇರುವುದು ಆಳವಾದ ಹಳ್ಳ. ಅದಕ್ಕೇ ಇಲ್ಲಿ ಕಣ್ಣಿಗೆ ಅಡ್ಡ ಕಡಿಮೆ.

5. ಪ್ರಾಣಿಗಳ ಮುಂದೆ

ಒಳಗೆ ಬಂದ ಸ್ವಲ್ಪ ಹೊತ್ತಿಗೇ ಜಿರಾಫೆ ಸಿಗುತ್ತದೆ. ಮೈಸೂರು ಜೂ ಜಿರಾಫೆ ಮರಿಗಳಿಗೆ ಹೆಸರುವಾಸಿ, ಇಲ್ಲಿ ಹುಟ್ಟಿದವು ದೇಶದ ಬೇರೆ ಮೃಗಾಲಯಗಳಿಗೂ ಹೋಗಿವೆ. ಬೆಳಿಗ್ಗೆ ಸೊಪ್ಪು ಕಟ್ಟಿದ ಕಡೆ ನಿಂತು ಅದರ ನಾಲಿಗೆ ನೋಡಿ. ಸುಮಾರು ಒಂದೂವರೆ ಅಡಿ ಉದ್ದ, ಕಪ್ಪು ನೀಲಿ ಬಣ್ಣ. ಕೊಂಬೆಗೆ ಸುತ್ತಿ ಎಲೆಯನ್ನು ಮಾತ್ರ ಎಳೆದುಕೊಳ್ಳುತ್ತದೆ. ಆಮೇಲೆ ಕತ್ತು ನೋಡಿ. ನುಂಗಿದ ಸೊಪ್ಪು ಮೆಲುಕಿಗಾಗಿ ಹೊಟ್ಟೆಯಿಂದ ಬಾಯಿಗೆ ವಾಪಸ್ ಬರುವಾಗ, ಉಂಡೆಯೊಂದು ಕತ್ತಿನುದ್ದಕ್ಕೂ ಮೇಲೇರುವುದು ಹೊರಗಿನಿಂದಲೇ ಕಾಣುತ್ತದೆ. ಅಷ್ಟು ಉದ್ದದ ಕತ್ತಿನಲ್ಲಿ ಮೂಳೆಗಳು ಏಳೇ, ನಮ್ಮಷ್ಟೇ. ಮಕ್ಕಳು ಇದನ್ನು ನಂಬುವುದಿಲ್ಲ, ಪಂದ್ಯ ಕಟ್ಟಬಹುದು.

ಗೊರಿಲ್ಲಾಗಳಿಗೆ ಜಾಸ್ತಿ ಸಮಯ ಇಡಿ. ಮೈಸೂರಿಗೆ ಗೊರಿಲ್ಲಾ ಹೊಸತಲ್ಲ. ಪೋಲೊ ಅನ್ನುವ ಗಂಡು 1995ರಲ್ಲಿ ಡಬ್ಲಿನ್ ಮೃಗಾಲಯದಿಂದ ಬಂದಿತ್ತು. 2014ರಲ್ಲಿ ಸಾಯುವವರೆಗೂ ಅದಕ್ಕೆ ಜೊತೆ ಸಿಗಲೇ ಇಲ್ಲ. ಹಳೆಯ ಮೈಸೂರಿಗರಿಗೆ ಪೋಲೊ ಅಂದರೆ ಈಗಲೂ ನೆನಪು. 2021ರಲ್ಲಿ ಜರ್ಮನಿಯಿಂದ ಥಾಬೊ ಮತ್ತು ಡೆಂಬಾ ಬಂದವು. ಎರಡೂ ಗಂಡು, ಹಾಗಾಗಿ ಮರಿ ಯಾವಾಗ ಅಂತ ಕೇಳಬೇಡಿ. ಅದೇ ವರ್ಷ ಸಿಂಗಪುರ ಮತ್ತು ಮಲೇಷ್ಯಾದಿಂದ ಒರಾಂಗುಟಾನ್‌ಗಳೂ ಬಂದವು. ಚಿಂಪಾಂಜಿ ಮೊದಲಿನಿಂದಲೂ ಇದೆ. ಮೂರು ಬಗೆಯ ದೊಡ್ಡ ವಾನರಗಳನ್ನು ಒಂದೇ ದಿನ, ಒಂದೇ ಜಾಗದಲ್ಲಿ ನೋಡುವ ಅವಕಾಶ ನಮ್ಮ ದೇಶದಲ್ಲಿ ಬೇರೆ ಕಡೆ ಸಿಗುವುದು ಬಹಳ ಕಷ್ಟ.

ಇವುಗಳನ್ನು ನೋಡುವುದಕ್ಕೂ ಒಂದು ರೀತಿ ಇದೆ. ಗೊರಿಲ್ಲಾವನ್ನು ದುರುಗುಟ್ಟಿ ನೋಡಬೇಡಿ. ಅವುಗಳ ಲೋಕದಲ್ಲಿ ನೇರ ನೋಟ ಅಂದರೆ ಜಗಳಕ್ಕೆ ಕರೆದ ಹಾಗೆ. ಸ್ವಲ್ಪ ಪಕ್ಕಕ್ಕೆ ತಿರುಗಿ, ಆಗಾಗ ಕಣ್ಣು ಬೇರೆ ಕಡೆ ಹೊರಳಿಸುತ್ತಾ ನಿಂತರೆ ಅದು ತನ್ನ ಪಾಡಿಗೆ ತಾನಿರುತ್ತದೆ. ಎದೆ ಬಡಿದುಕೊಂಡು "ಹೇ ಹೇ" ಅಂತ ಕೂಗುವ ಅಣ್ಣಂದಿರು ಪಕ್ಕದಲ್ಲಿದ್ದರೆ ಅವರು ಹೋಗುವವರೆಗೂ ಕಾಯಿರಿ. ಹಾಗೆ ಕೂಗಿದಾಗ ಅದು ಬೆನ್ನು ತಿರುಗಿಸಿ ಕೂರುವುದೇ ಜಾಸ್ತಿ. ಬೆನ್ನು ತಿರುಗಿಸಿದರೂ ಬೇಸರ ಬೇಡ, ದೊಡ್ಡ ಗಂಡಿನ ಬೆನ್ನಿನ ಬೆಳ್ಳಿ ಬಣ್ಣ ಆಗಲೇ ಚೆನ್ನಾಗಿ ಕಾಣುವುದು. ಗೊರಿಲ್ಲಾ ತಿನ್ನುವಾಗ ಕೈ ನೋಡಿ. ಸೊಪ್ಪಿನ ದಂಟನ್ನು ಸುಲಿದು, ಬೇಡದ್ದನ್ನು ಪಕ್ಕಕ್ಕೆ ಹಾಕಿ, ಬೇಕಾದ ಭಾಗವನ್ನಷ್ಟೇ ತಿನ್ನುವ ನಾಜೂಕು ಆ ದೇಹಕ್ಕೆ ಒಪ್ಪುವುದೇ ಇಲ್ಲ ಅನ್ನಿಸುತ್ತದೆ.

ಒರಾಂಗುಟಾನ್ ಬೇರೆಯದೇ ಸ್ವಭಾವ. ಕಾಡಿನಲ್ಲಿ ಇವು ಉಳಿದಿರುವುದು ಬೋರ್ನಿಯೊ, ಸುಮಾತ್ರಾ ದ್ವೀಪಗಳಲ್ಲಿ ಮಾತ್ರ. ಹೆಚ್ಚಿನ ಬದುಕು ಮರದ ಮೇಲೆಯೇ. ಪ್ರತಿ ರಾತ್ರಿ ಕೊಂಬೆ ಬಗ್ಗಿಸಿ, ಎಲೆ ಹಾಸಿ ಹೊಸ ಹಾಸಿಗೆ ಮಾಡಿಕೊಳ್ಳುತ್ತವೆ. ತಾಯಿ ಒಂದು ಮರಿಯನ್ನು ಏಳೆಂಟು ವರ್ಷ ಜೊತೆಗಿಟ್ಟುಕೊಂಡು ಸಾಕುತ್ತದೆ, ಆಮೇಲೇ ಇನ್ನೊಂದು. ಕಾಡು ಕಡಿದರೆ ಇವುಗಳ ಸಂಖ್ಯೆ ಮತ್ತೆ ಏರುವುದು ಯಾಕೆ ಅಷ್ಟು ಕಷ್ಟ ಅನ್ನುವುದಕ್ಕೆ ಇದೇ ಕಾರಣ. ಇವು ಆತುರ ಪಡುವುದಿಲ್ಲ. ಹಗ್ಗ ಹಿಡಿಯುವ ಮೊದಲು ಎಳೆದು ನೋಡಿ, ಭಾರ ಹಾಕಿ ನೋಡಿ, ಆಮೇಲೆ ದೇಹ ಬಿಡುತ್ತವೆ. ನೀವೂ ಆತುರ ಪಟ್ಟರೆ ಏನೂ ಕಾಣುವುದಿಲ್ಲ.

ಚಿಂಪಾಂಜಿ ಹಲ್ಲು ಕಿರಿದಾಗ "ನಗ್ತಾ ಇದೆ ನೋಡು" ಅಂತ ಮಕ್ಕಳಿಗೆ ಹೇಳುತ್ತೇವೆ. ಬಾಯಿ ಅಗಲಿಸಿ, ಮೇಲಿನ ಕೆಳಗಿನ ಹಲ್ಲೆರಡೂ ಕಾಣುವಂತೆ ಮಾಡಿದ ಮುಖ ಹೆಚ್ಚಾಗಿ ಹೆದರಿಕೆಯದು. ಆಡುವಾಗಿನ ಮುಖವೇ ಬೇರೆ, ಬಾಯಿ ಸಡಿಲವಾಗಿ ತೆರೆದಿರುತ್ತದೆ, ಮೇಲಿನ ಹಲ್ಲು ಅಷ್ಟಾಗಿ ಕಾಣುವುದಿಲ್ಲ.

ಇನ್ನು ದೊಡ್ಡ ಬೆಕ್ಕುಗಳು. ಹುಲಿ, ಸಿಂಹ, ಚಿರತೆ ದಿನದ ಬಹುಪಾಲು ಮಲಗುತ್ತವೆ. ಕಾಡಿನಲ್ಲೂ ಹಾಗೇ. ಇವುಗಳನ್ನು ನೋಡಲು ಎರಡು ಹೊತ್ತು ಒಳ್ಳೆಯದು. ಬೆಳಿಗ್ಗೆ ರಾತ್ರಿಮನೆಯಿಂದ ಹೊರಗೆ ಬಿಟ್ಟಾಗ ತಮ್ಮ ಜಾಗವನ್ನು ಒಂದು ಸುತ್ತು ಮೂಸಿ, ಮರದ ಬುಡಕ್ಕೆ ಗುರುತು ಹಾಕಿ ಬರುತ್ತವೆ. ಸಂಜೆ ನಾಲ್ಕರ ಮೇಲೆ ಊಟದ ಹೊತ್ತಾಯಿತು ಅಂತ ಗೊತ್ತಾಗಿ ಬಾಗಿಲಿನ ಕಡೆ ಓಡಾಡಲು ಶುರು ಮಾಡುತ್ತವೆ. ಕೊನೆಯವರೆಗೂ ಕಾದರೆ ಒಳಗೇ ಹೋಗಿಬಿಡುತ್ತವೆ, ಆಮೇಲೆ ಖಾಲಿ ಆವರಣ. ಒಂದು ಪ್ರಾಣಿ ಒಂದೇ ಗೆರೆಯಲ್ಲಿ ಅತ್ತಿಂದಿತ್ತ, ಇತ್ತಿಂದತ್ತ ಗಂಟೆಗಟ್ಟಲೆ ನಡೆಯುತ್ತಿದ್ದರೆ ಅದನ್ನು ಚುರುಕು ಅಂದುಕೊಳ್ಳಬೇಡಿ. ಬೇಸರ ಬಂದ, ಕಾಡಿನ ಅಗಲ ಸಿಗದ ಪ್ರಾಣಿ ಹಾಗೆ ಮಾಡುತ್ತದೆ. ಎಷ್ಟೇ ಒಳ್ಳೆಯ ಜೂ ಆದರೂ ಈ ಮಿತಿ ಇದ್ದೇ ಇದೆ. ಮಕ್ಕಳು ಕೇಳಿದರೆ ಇದನ್ನು ಮುಚ್ಚಿಡದೆ ಹೇಳುವುದೇ ಸರಿ ಅಂತ ನನಗನ್ನಿಸುತ್ತದೆ.

ಹುಲಿಯ ಕಿವಿಯ ಹಿಂದೆ ಒಂದೊಂದು ಬಿಳಿ ಮಚ್ಚೆ ಇರುತ್ತದೆ, ಮಲಗಿದ್ದರೂ ಕಾಣುತ್ತದೆ. ಎರಡು ಹುಲಿ ಇದ್ದರೆ ಕೆನ್ನೆಯ ಪಟ್ಟೆ ಹೋಲಿಸಿ, ಒಂದರಂತೆ ಇನ್ನೊಂದರದು ಇರುವುದಿಲ್ಲ. ಬಿಳಿ ಹುಲಿಯ ಮುಂದೆ ಯಾವಾಗಲೂ ಗುಂಪು. ಅದು ಬೇರೆ ಜಾತಿಯೂ ಅಲ್ಲ, ಹಿಮದ ನಾಡಿನದೂ ಅಲ್ಲ. ನಮ್ಮ ಬಂಗಾಳ ಹುಲಿಯಲ್ಲೇ ಅಪರೂಪಕ್ಕೆ ಬರುವ ಬಣ್ಣ ವ್ಯತ್ಯಾಸ. 1951ರಲ್ಲಿ ಈಗಿನ ಮಧ್ಯಪ್ರದೇಶದ ರೀವಾ ಕಡೆಯ ಕಾಡಿನಲ್ಲಿ ಹಿಡಿದ ಮೋಹನ್ ಎಂಬ ಮರಿಯ ವಂಶದವೇ ಇಂದಿನ ಮೃಗಾಲಯಗಳ ಬಿಳಿ ಹುಲಿಗಳಲ್ಲಿ ಹೆಚ್ಚಿನವು. ಒಂದೇ ಕುಟುಂಬದೊಳಗೆ ಮರಿ ಮಾಡಿಸಿದ್ದರಿಂದ ಹಲವಕ್ಕೆ ಆರೋಗ್ಯದ ತೊಂದರೆ ಬಂದಿದೆ. ನನಗೆ ಪಕ್ಕದ ಸಾಮಾನ್ಯ ಹುಲಿಯೇ ಚೆಂದ.

ಕಪ್ಪು ಚಿರತೆಯೂ ಹಾಗೇ, ಚಿರತೆಯದೇ ಜಾತಿ. ಓರೆ ಬಿಸಿಲು ಬಿದ್ದಾಗ ಕಪ್ಪಿನೊಳಗೆ ಚುಕ್ಕೆಗಳು ಕಾಣುತ್ತವೆ, ದುರ್ಬೀನು ಕೆಲಸಕ್ಕೆ ಬರುವುದು ಇಲ್ಲೇ. ಚಿರತೆಗೂ ಜಾಗ್ವಾರ್‌ಗೂ ವ್ಯತ್ಯಾಸ ಹುಡುಕುವುದು ಒಳ್ಳೆಯ ಆಟ: ಜಾಗ್ವಾರ್‌ನ ಮೈಮೇಲಿನ ಉಂಗುರದೊಳಗೆ ಪುಟ್ಟ ಚುಕ್ಕೆಗಳಿರುತ್ತವೆ, ತಲೆಯೂ ದಪ್ಪ. ಚೀತಾಗಳನ್ನು 2020ರಲ್ಲಿ ದಕ್ಷಿಣ ಆಫ್ರಿಕಾದಿಂದ ತಂದರು. ಕಣ್ಣಿನಿಂದ ಬಾಯಿಯ ತನಕ ಇಳಿದ ಕಪ್ಪು ಗೆರೆ ಅದರ ಗುರುತು. ಅದು ಘರ್ಜಿಸುವುದಿಲ್ಲ, ಹಕ್ಕಿಯ ಹಾಗೆ ಚಿಲಿಪಿಲಿ ಅನ್ನುತ್ತದೆ.

ಆನೆಗಳಲ್ಲಿ ಆಫ್ರಿಕಾದ್ದನ್ನು ಬಿಡಬೇಡಿ. ನಾಗರಹೊಳೆ, ಬಂಡೀಪುರದಲ್ಲಿ ನೋಡುವ ನಮ್ಮ ಆನೆಯ ಬೆನ್ನು ಮೇಲಕ್ಕೆ ಉಬ್ಬಿರುತ್ತದೆ, ಕಿವಿ ಸಣ್ಣದು. ಆಫ್ರಿಕಾದ ಆನೆಯ ಬೆನ್ನು ನಡುವೆ ತಗ್ಗು, ಕಿವಿ ಭುಜ ಮುಚ್ಚುವಷ್ಟು ಅಗಲ. ಸೊಂಡಿಲಿನ ತುದಿಯಲ್ಲಿ ನಮ್ಮದಕ್ಕೆ ಒಂದೇ ಬೆರಳಿನಂಥ ಚಾಚು, ಅದಕ್ಕೆ ಎರಡು. ಭಾರತದ ಮೃಗಾಲಯಗಳಲ್ಲಿ ಆಫ್ರಿಕಾದ ಆನೆ ಬಹಳ ಅಪರೂಪ. ಅಲ್ಲಿ ಹೋಲಿಸಿ ನೋಡದೆ ಬಂದರೆ ನಷ್ಟ ನಿಮ್ಮದೇ.

ನೀರಾನೆ ಇರುವ ಕೊಳದಲ್ಲಿ ಬರೀ ನೀರು ಕಂಡರೆ ಹೊರಟುಬಿಡಬೇಡಿ, ಗಡಿಯಾರ ನೋಡಿ. ಮೂರರಿಂದ ಐದು ನಿಮಿಷಕ್ಕೊಮ್ಮೆ ಅದು ಉಸಿರಿಗೆ ಮೇಲೆ ಬರಲೇಬೇಕು. ಮೊದಲು ಮೂಗು, ಆಮೇಲೆ ಕಣ್ಣು, ಕಿವಿ, ಎಲ್ಲ ಒಂದೇ ಮಟ್ಟದಲ್ಲಿ. ಬಾಲದಿಂದ ಸಗಣಿ ಎರಚುವ ಅಭ್ಯಾಸವೂ ಅದಕ್ಕಿದೆ, ಅಂಚಿಗೆ ತೀರಾ ಹತ್ತಿರ ನಿಲ್ಲಬೇಡಿ.

ಸಿಂಗಳೀಕದ ಮುಂದೆ ಜನ ನಿಲ್ಲುವುದೇ ಇಲ್ಲ. ಕೋತಿ ತಾನೇ ಅಂತ ಮುಂದೆ ಹೋಗುತ್ತಾರೆ. ನಮ್ಮ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಪ್ರಾಣಿ ಇದು. ಶರಾವತಿ ಕಣಿವೆ, ಶಿರಸಿ ಹೊನ್ನಾವರದ ಕಾಡುಗಳಲ್ಲಿ ಇವೆ. ಅಲ್ಲಿ ಮರದ ತುದಿಯಲ್ಲಿ ಓಡಾಡುವ ಇವನ್ನು ನೋಡುವುದು ಸುಲಭವಲ್ಲ. ಕಪ್ಪು ಮೈ, ಮುಖದ ಸುತ್ತ ಬೂದು ಬಿಳಿಯ ಜೂಲು, ಬಾಲದ ತುದಿಯಲ್ಲಿ ಸಿಂಹಕ್ಕಿರುವಂಥ ಕುಚ್ಚು. ಹಣ್ಣು ಸಿಕ್ಕಾಗ ಮೊದಲು ಗಬಗಬ ಕೆನ್ನೆಯ ಚೀಲಕ್ಕೆ ತುಂಬಿಕೊಂಡು, ಆಮೇಲೆ ಒಂದು ಮೂಲೆಯಲ್ಲಿ ಕೂತು ಒಂದೊಂದೇ ಹೊರತೆಗೆದು ತಿನ್ನುತ್ತದೆ. ಗಂಡು ದೊಡ್ಡದಾಗಿ ಆಕಳಿಸಿದರೆ ಅದು ನಿದ್ದೆಯಲ್ಲ, ಕೋರೆಹಲ್ಲು ತೋರಿಸಿ ಕೊಡುವ ಎಚ್ಚರಿಕೆ. ಕಾಂಗರೂ, ಜೀಬ್ರಾ ನೋಡಲು ಆತುರ ಪಡುವವರು ಈ ಘಟ್ಟದ ನೆಂಟರಿಗೆ ಹತ್ತು ನಿಮಿಷ ಕೊಡಬಹುದು ಅಲ್ವಾ?

ಹಾವಿನ ಮನೆಯಲ್ಲಿ ಕಾಳಿಂಗ ಸರ್ಪವನ್ನೂ ಶ್ರೀಲಂಕಾದಿಂದ ಬಂದ ಅನಕೊಂಡಾವನ್ನೂ ನೋಡಿ. ಕಾಳಿಂಗ ತಿನ್ನುವುದು ಹೆಚ್ಚಾಗಿ ಬೇರೆ ಹಾವುಗಳನ್ನೇ, ಮೊಟ್ಟೆಗೆ ಎಲೆ ಗುಡ್ಡೆ ಹಾಕಿ ಗೂಡು ಕಟ್ಟುವ ಹಾವೂ ಅದೇ. ಅನಕೊಂಡಾಗೆ ವಿಷವಿಲ್ಲ, ಅದು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಗಾಜು ತಟ್ಟಬೇಡಿ. ಹಾವಿಗೆ ನೆಲದ ಕಂಪನ ಚೆನ್ನಾಗಿ ತಿಳಿಯುತ್ತದೆ, ದಿನಕ್ಕೆ ಸಾವಿರ ಜನ ತಟ್ಟಿದರೆ ಅದರ ಪಾಡು ಏನಾಗಬೇಕು.

ಹಕ್ಕಿಗಳನ್ನು ಈ ಸುತ್ತಿನಲ್ಲಿ ಬೇಗ ದಾಟಿ. ಅವಕ್ಕೆ ಕಾರಂಜಿ ಕೆರೆ ಇದೆ.

6. ಫೋಟೊ ಮತ್ತು ಶಿಸ್ತು

ಬಲೆಯ ಹಿಂದಿನ ಪ್ರಾಣಿಯ ಫೋಟೊಗೆ ಕ್ಯಾಮೆರಾವನ್ನು ತಡೆಗಂಬಿ ಬಿಡುವಷ್ಟು ಹತ್ತಿರ ತನ್ನಿ, ಪ್ರಾಣಿ ಬಲೆಯಿಂದ ದೂರವಿದ್ದಾಗ ತೆಗೆಯಿರಿ. ಬಲೆ ಮಸುಕಾಗಿ ಮಾಯವಾಗುತ್ತದೆ. ಗಾಜಿದ್ದರೆ ಲೆನ್ಸನ್ನು ಗಾಜಿಗೆ ಮೆಲ್ಲಗೆ ತಾಗಿಸಿ, ಪ್ರತಿಬಿಂಬ ಬರುವುದಿಲ್ಲ. ಫ್ಲ್ಯಾಷ್ ಎಲ್ಲೂ ಬೇಡ. ತಡೆಗಂಬಿಯ ಮೇಲೆ ಮಗುವನ್ನು ಕೂರಿಸಿ ಸೆಲ್ಫಿ ತೆಗೆಯುವುದು ಹುಚ್ಚುತನ. ಆ ಕಂಬಿಯ ಆಚೆ ಇರುವುದು ಕಂದಕ.

ತಿನ್ನಿಸುವುದು, ಕೆಣಕುವುದು, ಕೂಗಿ ಗಲಾಟೆ ಮಾಡುವುದು, ಕಸ ಎಸೆಯುವುದು ಬರೀ ಕೆಟ್ಟ ನಡತೆ ಅಲ್ಲ, ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38ಜೆ ಸೆಕ್ಷನ್ ಪ್ರಕಾರ ಅಪರಾಧ. ಜೈಲು, ದಂಡ ಎರಡಕ್ಕೂ ಅವಕಾಶವಿದೆ. ಒಂದು ಬಾಳೆಹಣ್ಣಿನಿಂದ ಏನಾಗುತ್ತದೆ ಅನ್ನುವವರಿಗೆ ಉತ್ತರ ಇದು: ಪ್ರತಿ ಪ್ರಾಣಿಗೂ ತೂಕ ಮಾಡಿದ ಊಟವಿದೆ, ನಿಮ್ಮಂತೆ ಇನ್ನೂ ಐನೂರು ಜನ ಅದೇ ಒಂದು ಬಾಳೆಹಣ್ಣು ಹಿಡಿದು ಬಂದಿರುತ್ತಾರೆ. ನಮ್ಮ ಕೈಯಿಂದ ವಾನರಗಳಿಗೆ ನೆಗಡಿ, ಜ್ವರವೂ ಅಂಟುತ್ತದೆ.

ನೋಡಿಕೊಳ್ಳುವ ಸಿಬ್ಬಂದಿ ಬಿಡುವಾಗಿದ್ದರೆ ಮಾತಾಡಿಸಿ. "ಅಣ್ಣಾ, ಇದರ ಹೆಸರೇನು, ಇವತ್ತು ಹೇಗಿದೆ?" ಅಂದರೆ ಸಾಕು. ಫಲಕದಲ್ಲಿ ಇಲ್ಲದ ಎಷ್ಟೋ ವಿಷಯ ಅವರ ಬಾಯಲ್ಲಿ ಬರುತ್ತದೆ. "ಎಬ್ಬಿಸಿ ತೋರಿಸಿ" ಅಂತ ಮಾತ್ರ ಕೇಳಬೇಡಿ.

7. ಮಧ್ಯಾಹ್ನ

ಹನ್ನೆರಡರ ಹೊತ್ತಿಗೆ ಕೂರಿ. ಊಟ ಮಾಡಿ, ಮರದ ನೆರಳಿನ ಬೆಂಚಿನಲ್ಲಿ ಅರ್ಧ ಗಂಟೆ ಸುಮ್ಮನಿರಿ. ಪ್ರಾಣಿಗಳೂ ಅದನ್ನೇ ಮಾಡುತ್ತಿರುತ್ತವೆ. ಐದು ವರ್ಷದೊಳಗಿನ ಮಕ್ಕಳಿದ್ದರೆ ಇಲ್ಲಿಗೇ ಸಾಕು, ಕಾರಂಜಿಯನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ.

8. ಕಾರಂಜಿ ಕೆರೆ

ಮೂರರ ಮೇಲೆ ಹೋಗಿ. 1976ರಲ್ಲಿ ಈ ಕೆರೆ ಜೂನ ಕೈಗೆ ಬಂತು. ದಡದಲ್ಲಿ ಕೂತರೆ ಎದುರಿಗೆ ಚಾಮುಂಡಿ ಬೆಟ್ಟ. ದ್ವೀಪದ ಮರಗಳಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆ. ಇವು ಯಾವುದೂ ಜೂನವರು ಸಾಕಿದ್ದಲ್ಲ, ತಾವಾಗಿ ಬಂದು ಗೂಡು ಕಟ್ಟಿದವು.

ಒಳಗೆ ನಡೆದಾಡುವ ದೊಡ್ಡ ಪಕ್ಷಿಮನೆ ಇದೆ. ಬಲೆಯ ಒಳಗೆ ನಾವೂ ಹಕ್ಕಿಗಳೂ ಒಟ್ಟಿಗೆ. ನವಿಲು ಕಾಲಿನ ಹತ್ತಿರವೇ ಓಡಾಡುತ್ತದೆ. ಮಂಗಟ್ಟೆ ಹಕ್ಕಿ, ಅಂದರೆ ಹಾರ್ನ್‌ಬಿಲ್ ಕಂಡರೆ ಮಕ್ಕಳಿಗೆ ಅದರ ಬಾಣಂತನದ ಕಥೆ ಹೇಳಿ. ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಗಿಲನ್ನು ಒಳಗಿನಿಂದಲೇ ಮೆತ್ತಿಕೊಳ್ಳುತ್ತದೆ, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟು. ಆ ವಾರಗಳಲ್ಲೆಲ್ಲ ಹಣ್ಣು ತಂದು ಕೊಡುವುದು ಗಂಡು. ಚಿಟ್ಟೆ ಉದ್ಯಾನಕ್ಕೆ ಬಿಸಿಲಿದ್ದಾಗಲೇ ಹೋಗಿ, ಮೋಡ ಮುಚ್ಚಿದರೆ ಚಿಟ್ಟೆಗಳು ರೆಕ್ಕೆ ಮಡಚಿ ಕೂರುತ್ತವೆ. ಜೂಗೆ ಮೋಡ ಒಳ್ಳೆಯದು, ಚಿಟ್ಟೆಗೆ ಬಿಸಿಲು ಬೇಕು, ಎರಡೂ ಒಂದೇ ದಿನ ಸಿಗುವುದು ಅದೃಷ್ಟ. ದೋಣಿ ವಿಹಾರವೂ ಇದೆ. ಸಾಲು ಉದ್ದವಿದ್ದರೆ ಬಿಟ್ಟುಬಿಡಿ, ದಡದ ದಾರಿಯಲ್ಲಿ ನಡೆದರೂ ಅಷ್ಟೇ ಹಕ್ಕಿ ಕಾಣುತ್ತವೆ.

ಮಳೆ ಜೋರಾದರೆ ಇನ್ನೊಂದು ದಾರಿ ಇದೆ. ಕೆರೆಯ ಪಕ್ಕದಲ್ಲೇ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯ ಇದೆ. ಬೆಳಿಗ್ಗೆ ನೋಡಿದ ಪ್ರಾಣಿಗಳು ಯಾವ ಕಾಡಿನವು, ಆ ಕಾಡು ಹೇಗಿರುತ್ತದೆ ಅಂತ ಮಕ್ಕಳಿಗೆ ತೋರಿಸಲು ಒಳ್ಳೆಯ ಜಾಗ.

9. ಹೊರಡುವ ಮೊದಲು

ಒಂದು ಪ್ರಾಣಿ ತುಂಬಾ ಹಿಡಿಸಿದ್ದರೆ ಅದನ್ನು ದತ್ತು ತೆಗೆದುಕೊಳ್ಳಬಹುದು. ಮನೆಗೆ ಕರೆದುಕೊಂಡು ಹೋಗುವುದಲ್ಲ, ಅದರ ಊಟ, ಆರೈಕೆಯ ಖರ್ಚಿಗೆ ದುಡ್ಡು ಕೊಡುವುದು. ಈ ಯೋಜನೆ ಇಲ್ಲಿ 2001ರಿಂದ ಇದೆ. ಸಣ್ಣ ಹಕ್ಕಿಗೆ ಕಡಿಮೆ, ಆನೆಗೆ ಬಹಳ ಜಾಸ್ತಿ. ಮಕ್ಕಳ ಹುಟ್ಟುಹಬ್ಬಕ್ಕೆ ಒಂದು ಹಕ್ಕಿಯನ್ನು ದತ್ತು ತೆಗೆದುಕೊಳ್ಳುವವರಿದ್ದಾರೆ. ವಿವರ, ಈಗಿನ ದರ ಎಲ್ಲ ಜೂನ ವೆಬ್‌ಸೈಟಿನಲ್ಲೇ ಸಿಗುತ್ತದೆ.

ಭಾನುವಾರ ಬಂದವರು ಬೆಂಗಳೂರಿಗೆ ವಾಪಸ್ ಹೋಗುವುದಾದರೆ ನಾಲ್ಕೂವರೆಗೇ ಹೊರಡಿ, ಇಲ್ಲವೇ ಮೈಸೂರಿನಲ್ಲೇ ರಾತ್ರಿ ಊಟ ಮುಗಿಸಿ ಎಂಟೂವರೆ ಮೇಲೆ ಹೊರಡಿ. ನಡುವಿನ ಹೊತ್ತಿನಲ್ಲಿ ಹೊರಟರೆ ಕೆಂಗೇರಿ ಹತ್ತಿರ ಸಿಕ್ಕಿಹಾಕಿಕೊಳ್ಳುತ್ತೀರಿ.